ಪ್ರೊಬೇಷನ್‌ನಲ್ಲಿದ್ದ ತಮ್ಮನನ್ನು ಕೆಲಸದಿಂದ ತೆಗೆದರು, ಒಂದೇ ಪುಟದ ಆದೇಶ. ಏನಾದ್ರೂ ಮಾಡಬಹುದಾ?

ತುಂಗಾತೀರದವಳು · ಭಾನುವಾರ, ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಓದ್ತಾ ಇದ್ದೆ, ಬರೆಯೋದು ಇದೇ ಮೊದಲು.

ನನ್ನ ತಮ್ಮ ಎಸ್‌ಡಿಎ, ಅಂದ್ರೆ ದ್ವಿತೀಯ ದರ್ಜೆ ಸಹಾಯಕ. ಮೂರನೇ ಸಲ ಪರೀಕ್ಷೆ ಬರೆದು ಪಾಸಾದವನು. ತಾಲ್ಲೂಕು ಮಟ್ಟದ ಒಂದು ಕಚೇರಿ, ಇಲಾಖೆ ಯಾವುದು ಅಂತ ಇಲ್ಲಿ ಬೇಡ. ಸೇರಿ ಒಂದು ವರ್ಷ ಏಳು ತಿಂಗಳಾಗಿತ್ತು. ಕ್ಯಾಷ್ ನೋಡ್ತಿದ್ದವರು ರಜೆ ಹಾಕಿದಾಗ ಎರಡು ವಾರ ಇವನಿಗೆ ಚಾರ್ಜ್ ಕೊಟ್ಟಿದ್ರು. ಅದಾಗಿ ಸ್ವಲ್ಪ ದಿನಕ್ಕೆ ಒಂದು ರಸೀದಿ ಪುಸ್ತಕ ಕಾಣ್ತಿಲ್ಲ ಅಂತ ಗಲಾಟೆ. ಮೇಲಿನ ಕಚೇರಿಯಿಂದ ಇಬ್ಬರು ಬಂದು, ಇವನನ್ನು ಕೂರಿಸಿ, ಹೇಳಿಕೆ ಬರೆಸಿಕೊಂಡು ಹೋದರು. ಆಮೇಲೆ ಎರಡು ತಿಂಗಳು ಏನೂ ಇಲ್ಲ. ಒಂದು ಸಂಜೆ ಐದೂಕಾಲಿಗೆ ಟಪ್ಪಾಲಿನವರು ಒಂದು ಹಾಳೆ ಕೊಟ್ಟು ಸಹಿ ಹಾಕಿಸಿಕೊಂಡರು:

‘ಸದರಿಯವರ ಕರ್ತವ್ಯ ನಿರ್ವಹಣೆಯು ತೃಪ್ತಿಕರವಾಗಿಲ್ಲದಿರುವುದರಿಂದ, ಸೇವೆಗೆ ಸೂಕ್ತರಲ್ಲವೆಂದು ಪರಿಗಣಿಸಿ, ಪ್ರೊಬೇಷನ್ ನಿಯಮಗಳು 1977ರ ನಿಯಮ 6ರನ್ವಯ ತಕ್ಷಣದಿಂದ ಜಾರಿಗೆ ಬರುವಂತೆ ಸೇವೆಯಿಂದ ಬಿಡುಗಡೆಗೊಳಿಸಿದೆ.’

ರಸೀದಿ ಪುಸ್ತಕದ ಮಾತೇ ಅದರಲ್ಲಿಲ್ಲ. ಒಂದು ನೋಟಿಸ್ ಇಲ್ಲ, ವಿಚಾರಣೆ ಇಲ್ಲ. ‘ಪ್ರೊಬೇಷನ್‌ನಲ್ಲಿ ಇದ್ದವರಿಗೆ ಯಾವ ಹಕ್ಕೂ ಇಲ್ಲ, ಸುಮ್ನೆ ಬೇರೆ ಪರೀಕ್ಷೆ ಬರೆ’ ಅಂತ ಕಚೇರಿಯವರೇ ಹೇಳಿ ಕಳಿಸಿದ್ರಂತೆ. ಊರಲ್ಲಿ ‘ದುಡ್ಡು ಹೊಡೆದು ವಜಾ ಆದ’ ಅಂತ ಸುದ್ದಿ. ಅಮ್ಮ ಮದುವೆ ಮನೆಗಳಿಗೆ ಹೋಗೋದು ಬಿಟ್ಟಿದಾರೆ. ನಿಜವಾಗಲೂ ಏನೂ ಹಕ್ಕಿಲ್ವಾ?

ಹಳೇ ಶಿರಸ್ತೇದಾರ · ಭಾನುವಾರ, ರಾತ್ರಿ 9:50

ತಾಯಿ, ಮೊದಲು ಒಂದು ಪದ ಸರಿಮಾಡಿಕೊಳ್ಳಿ. ಅದು ವಜಾ ಅಲ್ಲ, ಬಿಡುಗಡೆ. ಮೂವತ್ತನಾಲ್ಕು ವರ್ಷ ಆಡಳಿತ ಶಾಖೆಯಲ್ಲಿ ಕೂತವನು ಹೇಳ್ತಿದ್ದೀನಿ, ಈ ಪದದ ಮೇಲೆ ಹುಡುಗನ ಮುಂದಿನ ಬದುಕು ನಿಂತಿದೆ. ಸರ್ಕಾರಿ ನೌಕರರ ಶಿಸ್ತು, ದಂಡನೆಯ ಸಿಸಿಎ ನಿಯಮಗಳು 1957ರಲ್ಲಿ ವಜಾ ಅನ್ನುವುದು ದಂಡನೆ. ವಜಾ ಆದವನಿಗೆ ಸಾಮಾನ್ಯವಾಗಿ ಮತ್ತೆ ಸರ್ಕಾರಿ ಕೆಲಸ ಇಲ್ಲ. ‘ಸೇವೆಯಿಂದ ತೆಗೆದುಹಾಕುವುದು’ ಕೂಡ ದಂಡನೆಯೇ, ಆದರೆ ಮುಂದೆ ಬೇರೆ ಹುದ್ದೆಗೆ ಅಡ್ಡಿಯಿಲ್ಲ. ಪ್ರೊಬೇಷನರನ್ನು ನಿಯಮ 6ರಲ್ಲಿ ಬಿಡುಗಡೆ ಮಾಡಿದರೆ ಅದು ಕಾಗದದ ಮೇಲೆ ದಂಡನೆಯೇ ಅಲ್ಲ. ನಾಳೆ ಬೇರೆ ಅರ್ಜಿಯಲ್ಲಿ ‘ಹಿಂದೆ ವಜಾ ಆಗಿದ್ದೀರಾ’ ಅಂತ ಕೇಳಿದರೆ ನಿಮ್ಮ ತಮ್ಮ ಹೌದು ಅನ್ನಬೇಕಾಗಿಲ್ಲ. ಬಿಡುಗಡೆ ಆಗಿತ್ತೇ ಅಂತ ಕೇಳಿದರೆ ಮಾತ್ರ ಮುಚ್ಚಿಡಬಾರದು.

ಇನ್ನು ಒಂದು ಪ್ರಶ್ನೆ. ಆದೇಶದ ಮೇಲ್ಭಾಗದಲ್ಲಿ ‘ಓದಲಾಗಿದೆ’ ಅಥವಾ ‘ಉಲ್ಲೇಖ’ ಅಂತ ಒಂದು ಪಟ್ಟಿ ಇರುತ್ತದೆ. ಅದರಲ್ಲಿ ಏನೇನಿದೆ, ಅಕ್ಷರ ಬಿಡದೆ ಬರೆಯಿರಿ. ಎಲ್ಲರೂ ಆದೇಶದ ಕೊನೆಯ ಪ್ಯಾರಾ ಓದುತ್ತಾರೆ. ನಾವು ಗುಮಾಸ್ತರು ಮೇಲಿನಿಂದ ಓದುತ್ತೇವೆ.

ತುಂಗಾತೀರದವಳು · ಭಾನುವಾರ, ರಾತ್ರಿ 10:21

ಸರ್, ಉಲ್ಲೇಖದಲ್ಲಿ ಮೂರಿದೆ. 1) ಇವನ ನೇಮಕಾತಿ ಆದೇಶ. 2) ‘ರಸೀದಿ ಪುಸ್ತಕ ಕಾಣೆಯಾದ ಬಗ್ಗೆ ತನಿಖಾ ವರದಿ’ ಅಂತ ಒಂದು ಸಂಖ್ಯೆ, ದಿನಾಂಕ. 3) ನಮ್ಮ ಕಚೇರಿ ಮುಖ್ಯಸ್ಥರ ಪತ್ರ. ತನಿಖಾ ವರದಿ ನಮಗೆ ಕೊಟ್ಟಿಲ್ಲ.

ಹಳೇ ಶಿರಸ್ತೇದಾರ · ಭಾನುವಾರ, ರಾತ್ರಿ 10:26

ಎರಡನೇ ನಂಬರು ನೋಡಿ ನನಗೆ ನಗು ಬಂತು, ಕ್ಷಮಿಸಿ. ಆದೇಶ ಬರೆದ ಕೇಸ್ ವರ್ಕರ್ ಅಭ್ಯಾಸಬಲದಿಂದ ಸತ್ಯ ಬರೆದುಬಿಟ್ಟಿದ್ದಾನೆ. ವಕೀಲರು ಯಾರಾದರೂ ಇದ್ದರೆ ಬನ್ನಿ.

ಜವಾರಿ ವಕೀಲ · ಸೋಮವಾರ, ಬೆಳಿಗ್ಗೆ 7:05

ಅಕ್ಕಾರ ನಮಸ್ಕಾರ. ನಾ ಧಾರವಾಡದಾಗ ಸರ್ವಿಸ್ ಕೇಸ್ ನೋಡಾಂವ. ಫೈಲ್ ನೋಡದ ಹೇಳೋ ಮಾತಿದು, ಹಂಗಂತ ತಿಳ್ಕೊಂಡ ಓದ್ರಿ.

‘ಹಕ್ಕಿಲ್ಲ’ ಅನ್ನೋದು ಅರ್ಧ ಖರೆ. ಪ್ರೊಬೇಷನರ್‌ಗೆ ಹುದ್ದೆ ಮ್ಯಾಲ ಹಕ್ಕಿಲ್ಲ. 1957ರಾಗ ಪರ್ಶೋತ್ತಮ ಲಾಲ್ ಧಿಂಗ್ರಾ ಕೇಸಿನ್ಯಾಗ ಐದು ಮಂದಿ ಜಡ್ಜ್ ಕೂತು ಇದನ್ನ ಹೇಳ್ಯಾರ. ರೈಲ್ವೆದಾಂವ ಆತ, ಆತ ಸೋತ. ಆದರ ಅದ ತೀರ್ಪಿನ್ಯಾಗ ಇನ್ನೊಂದು ಮಾತೂ ಐತಿ: ತಗದದ್ದು ಶಿಕ್ಷೆ ಅಂತ ಆದ್ರ, ಕಾಯಂ ಇರಲಿ, ತಾತ್ಪೂರ್ತಿಕ ಇರಲಿ, ಪ್ರೊಬೇಷನರ್ ಇರಲಿ, ಸಂವಿಧಾನದ 311(2)ನೇ ವಿಧಿ ಅಡ್ಡ ನಿಂದರತೈತಿ. ಆರೋಪ ತಿಳಿಸಬೇಕು, ವಿಚಾರಣೆ ಮಾಡಬೇಕು, ಅವಗ ಹೇಳಿಕೊಳ್ಳಾಕ ಅವಕಾಶ ಕೊಡಬೇಕು.

ಅಂದ್ರ ಇಡೀ ಜಗಳ ಒಂದ ಪ್ರಶ್ನೆಗೆ ಬರತೈತಿ. ನಿಮ್ಮ ತಮ್ಮನ್ನ ತಗದದ್ದು ಕೆಲಸ ಬರಲಿಲ್ಲ ಅಂತನೋ, ಕಳ್ಳ ಅಂತನೋ?

ಕೋರ್ಟಿನ ಭಾಷಾದಾಗ ಇದಕ್ಕ ಪ್ರೇರಣೆ ಮತ್ತ ಬುನಾದಿ ಅಂತ ಎರಡು ಪದ ಅದಾವ. ರಸೀದಿ ಪುಸ್ತಕ ಕಾಣ್ತಿಲ್ಲ ಅಂತ ಸುದ್ದಿ ಬಂತು. ಸಾಹೇಬರು ‘ಈ ಹುಡುಗನ್ನ ಇಟ್ಕೊಂಡು ತ್ರಾಸ ಯಾಕ, ಹೆಂಗೂ ಕೆಲಸದಾಗ ಹಿಂದ ಅದಾನ’ ಅಂತ ವಿಚಾರಣೆಗೆ ಹೋಗದ ಬಿಟ್ರು. ಅದು ಪ್ರೇರಣೆ. ಆ ಆದೇಶ ಉಳೀತೈತಿ. ಇಬ್ಬರು ಅಧಿಕಾರಿಗಳು ಬಂದು, ಇವನ ಬೆನ್ನ ಹಿಂದ ತನಿಖೆ ಮಾಡಿ, ‘ಇವನ ಕಳದಾನ’ ಅಂತ ತೀರ್ಮಾನ ಬರದು, ಆ ತೀರ್ಮಾನದ ಮ್ಯಾಲ ಬಿಡುಗಡೆ ಮಾಡಿದ್ರ ಅದು ಬುನಾದಿ. ಆ ಆದೇಶ ಬೀಳತೈತಿ, ಭಾಷಾ ಎಷ್ಟ ಸವರಿ ಬರದಿರಲಿ. 1998ರ ಡಿಸೆಂಬರ್‌ನಾಗ ರಾಧೇ ಶ್ಯಾಮ್ ಗುಪ್ತಾ ಕೇಸಿನ್ಯಾಗ ಈ ಗೆರಿ ಭಾಳ ಚಲೋ ಎಳದಾರ.

ಶಿರಸ್ತೇದಾರ ಸರ್ ನಕ್ಕದ್ದು ಯಾಕಂದ್ರ, 1999ರಾಗ ಕಲಕತ್ತಾದ ಎಸ್.ಎನ್. ಬೋಸ್ ಕೇಂದ್ರದ ದೀಪ್ತಿ ಪ್ರಕಾಶ್ ಬ್ಯಾನರ್ಜಿ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಹೇಳಿತು, ಕಳಂಕ, ಅಂದ್ರ ಹೆಸರಿಗೆ ಮಸಿ ಹಚ್ಚೋ ಮಾತು, ಆದೇಶದಾಗನ ಇರಬೇಕಂತಿಲ್ಲ, ಆದೇಶ ಉಲ್ಲೇಖ ಮಾಡಿದ ಕಾಗದದಾಗ ಇದ್ರೂ ಸಾಕು. ಮುಂದಿನ ಕೆಲಸ ಕೊಡಾಂವ ಆ ಕಾಗದ ಕೇಳಿದ್ರ ಗತಿ ಏನು, ಅದಕ್ಕ. ನಿಮ್ಮ ಉಲ್ಲೇಖದ ಎರಡನೇ ನಂಬರು ಅಂಥಾದ್ದು.

ಸಹಿ ಹಾಕುವವನು · ಸೋಮವಾರ, ಬೆಳಿಗ್ಗೆ 8:40

ಇನ್ನೊಂದು ಬದಿಯ ಮಾತೂ ಇರಲಿ. ನಾನು ನೇಮಕಾತಿ ಪ್ರಾಧಿಕಾರದ ಕುರ್ಚಿಯಲ್ಲಿ ಕೂತವನು, ಎರಡು ಬಿಡುಗಡೆ ಆದೇಶಗಳಿಗೆ ಸಹಿ ಹಾಕಿದ್ದೇನೆ. ಪ್ರೊಬೇಷನ್ ಇರುವುದೇ ನೋಡುವುದಕ್ಕೆ. ಎರಡು ವರ್ಷದಲ್ಲಿ ಒಂದು ಕಡತ ಸರಿಯಾಗಿ ಮಂಡಿಸದವನನ್ನು ಮೂವತ್ತು ವರ್ಷ ಸಾರ್ವಜನಿಕರ ತಲೆಗೆ ಕಟ್ಟಬೇಕೇ? 2001ರ ಪವನೇಂದ್ರ ನಾರಾಯಣ ವರ್ಮಾ ತೀರ್ಪು ಯಾರೂ ಹೇಳುವುದಿಲ್ಲ. ‘ಕೆಲಸ ಮತ್ತು ನಡತೆ ತೃಪ್ತಿಕರವಲ್ಲ’ ಅಂದರೆ ಅದು ಕಳಂಕ ಅಲ್ಲ, ಬಿಡುಗಡೆ ಆದೇಶದ ಮಾಮೂಲು ಭಾಷೆ ಅಂತ ಅದರಲ್ಲಿ ಸ್ಪಷ್ಟವಾಗಿದೆ. ಶಿಕ್ಷೆ ಅನ್ನಬೇಕಾದರೆ ಪೂರ್ಣ ಪ್ರಮಾಣದ ವಿಚಾರಣೆ ನಡೆದಿರಬೇಕು, ಅದು ದುರ್ನಡತೆಯ ಬಗ್ಗೆ ಇರಬೇಕು, ತಪ್ಪಿತಸ್ಥ ಅನ್ನುವ ತೀರ್ಮಾನ ಬಂದಿರಬೇಕು. ಮೂರೂ ಇರಬೇಕು. ಇಬ್ಬರು ಬಂದು ಹೇಳಿಕೆ ತೆಗೆದುಕೊಂಡರೆ ಅದು ಪ್ರಾಥಮಿಕ ವಿಚಾರಣೆ ಅಷ್ಟೆ.

ಹಾಗಂತ ಈ ಆದೇಶ ಬರೆದವರನ್ನು ಹೊಗಳುತ್ತಿಲ್ಲ. ನಾನು ಸಹಿ ಹಾಕಿದ ಎರಡರಲ್ಲೂ ಆರು ತಿಂಗಳಿಗೊಮ್ಮೆ ಲಿಖಿತ ಮೆಮೊ ಕೊಟ್ಟಿದ್ದೆ, ಉತ್ತರ ಪಡೆದಿದ್ದೆ, ಒಬ್ಬನಿಗೆ ಅವಧಿ ವಿಸ್ತರಿಸಿಯೂ ನೋಡಿದ್ದೆ. ‘ತೃಪ್ತಿಕರವಲ್ಲ’ ಅನ್ನಲು ಕಡತದಲ್ಲಿ ಏನಾದರೂ ಇರಬೇಕಲ್ಲ. ಮೇಡಂ, ನಿಮ್ಮ ತಮ್ಮನಿಗೆ ಮೆಮೊ ಬಂದಿತ್ತೇ?

ತುಂಗಾತೀರದವಳು · ಸೋಮವಾರ, ಮಧ್ಯಾಹ್ನ 1:15

ಒಂದೂ ಇಲ್ಲ ಸರ್. ಆ ಗಲಾಟೆಗೆ ಮೂರು ತಿಂಗಳು ಮುಂಚೆ ಚುನಾವಣೆ ಕೆಲಸ ಚೆನ್ನಾಗಿ ಮಾಡಿದ ಅಂತ ಒಂದು ಪ್ರಶಂಸಾ ಪತ್ರ ಕೊಟ್ಟಿದಾರೆ. ಅದು ಫ್ರೇಮ್ ಹಾಕಿಸಿ ಗೋಡೆ ಮೇಲಿದೆ, ಅಮ್ಮ ತೆಗೆಯೋಕೆ ಬಿಡ್ತಿಲ್ಲ.

ಜವಾರಿ ವಕೀಲ · ಸೋಮವಾರ, ಮಧ್ಯಾಹ್ನ 1:40

ಫ್ರೇಮ್ ಬಿಚ್ಚಿ ಜೆರಾಕ್ಸ್ ಮಾಡಿಸ್ರಿ.

ಸಹಿ ಸರ್ ಹೇಳಿದ ತೀರ್ಪು ಖರೇನ ಐತಿ, ಸರ್ಕಾರಿ ವಕೀಲರು ಮೊದಲು ಓದೂದು ಅದನ್ನ. ಆದರ ಆ ಮೂರು ಪರೀಕ್ಷೆ ಬರೇ ಹೆಸರಿನ ಮ್ಯಾಲ ನಿಂತಿಲ್ಲ. ‘ಪ್ರಾಥಮಿಕ’ ಅಂತ ಹಣಿಗೆ ಚೀಟಿ ಅಂಟಿಸಿದ್ರ ಅದು ಪ್ರಾಥಮಿಕ ಆಗೂದಿಲ್ಲ. ಪ್ರಾಥಮಿಕ ಅಂದ್ರ ಆರೋಪಪಟ್ಟಿ ಕೊಡಬೇಕೋ ಬ್ಯಾಡೋ ಅಂತ ನೋಡಾಕ ಮಾಡೂದು. ವರದಿ ಒಳಗ ‘ಈತನೇ ಹೊಣೆ’ ಅಂತ ಬರದಿದ್ರ ಆಟ ಬ್ಯಾರೆ. ಅದಕ್ಕ ಆ ವರದಿ ಬೇಕ ಬೇಕು. ಅದರಕಿಂತ ಮುಖ್ಯ, ನೋಟ್ ಶೀಟ್. ಆದೇಶಕ್ಕಿಂತ ಮದಲ ಕಡತದ ಎಡಗಡೆ ಹಾಳಿ ಮ್ಯಾಲ ಯಾರು ಏನು ಬರದಾರ ಅನ್ನೂದು.

ಒಂದು ಹಳೇ ಕೇಸ್ ಹೇಳ್ತೇನಿ. 1981ರ ಜೂನ್, ಹೈದರಾಬಾದಿನ ಪೊಲೀಸ್ ಅಕಾಡೆಮಿ. ಮಳಿ ಬರಾಕತ್ತಿತ್ತು, ಬೆಳಗಿನ ಪಿ.ಟಿ.ಗೆ ಐಪಿಎಸ್ ಪ್ರೊಬೇಷನರುಗಳು ಇಪ್ಪತ್ತು ನಿಮಿಷದ ಮ್ಯಾಲ ತಡಾ ಬಂದ್ರು. ಅನೂಪ್ ಜೈಸ್ವಾಲ್ ಅಂಬಾಂವ ಉಳದವರನ್ನ ಎತ್ತಿಕಟ್ಟಿದ ಅಂತ ನಿರ್ದೇಶಕರಿಗೆ ಅನಸ್ತು. ಬರೇ ವಿವರಣೆ ಕೇಳಿದ್ರು, ವಿಚಾರಣೆ ಇಲ್ಲ. ಕಡೀಕ ಒಂದು ಸಾದಾ ಬಿಡುಗಡೆ ಆದೇಶ, ಕಾರಣದ ಸುಳಿವ ಇಲ್ಲ. ಸುಪ್ರೀಂ ಕೋರ್ಟ್ 1984ರಾಗ ಪರದೆ ಸರಿಸಿ ಹಿಂದ ನೋಡಿತು. ನಿರ್ದೇಶಕರ ಶಿಫಾರಸು ಬಿಟ್ರ ಈ ಆದೇಶಕ್ಕ ಬ್ಯಾರೆ ಬುನಾದಿ ಇಲ್ಲ, ಆ ಶಿಫಾರಸು ನಿಂತದ್ದು ದುರ್ನಡತೆ ಮ್ಯಾಲ, ಅಂತ ಹೇಳಿ ಸೇವಾ ಹಿರಿತನದ ಸಮೇತ ವಾಪಸ್ ತಗೊಳ್ಳಿ ಅಂದಿತು. ಆ ತೀರ್ಪು ಬರದವರು ನಮ್ಮ ಮಂಡ್ಯ ಕಡೆಯ ಇ.ಎಸ್. ವೆಂಕಟರಾಮಯ್ಯನವರು, ಮುಂದ 1989ರಾಗ ಮುಖ್ಯ ನ್ಯಾಯಮೂರ್ತಿ ಆದವರು.

ಅಕ್ಕಾರ, ಆದೇಶ ಕೈಗೆ ಬಂದದ್ದು ಯಾವ ತಾರೀಖು? ಅದನ್ನ ನೀವು ಹೇಳಲೇ ಇಲ್ಲ.

ಕಡಲ ಬದಿಯವ · ಸೋಮವಾರ, ಸಂಜೆ 6:30

ನಡುವೆ ಬಾಯಿ ಹಾಕ್ತೇನೆ ಮಾರಾಯ್ರೆ. ನಂದು ಸೇರಿ ನಾಲ್ಕು ವರ್ಷ ಆಯ್ತು, ಪ್ರೊಬೇಷನ್ ಮುಗೀತು ಅಂತ ಡಿಕ್ಲೇರ್ ಆಗಿಲ್ಲ. ಪ್ರತಿ ಸಲ ‘ಕಡತ ಮೇಲೆ ಹೋಗಿದೆ’ ಅಂತ. ಎರಡು ವರ್ಷ ಮುಗಿದ ಮೇಲೆ ತನ್ನಷ್ಟಕ್ಕೆ ಕಾಯಂ ಆಗ್ತದೆ ಅಂತ ನಮ್ಮ ಸಂಘದವರು ಹೇಳಿದ್ರು. ಹೌದಾ?

ಹಳೇ ಶಿರಸ್ತೇದಾರ · ಸೋಮವಾರ, ಸಂಜೆ 7:02

ಆಗುವುದಿಲ್ಲ. ಆ ಮಾತು ಬಂದದ್ದು 1968ರ ಧರಮ್ ಸಿಂಗ್ ತೀರ್ಪಿನಿಂದ, ಅದು ಪಂಜಾಬಿನ ಶಿಕ್ಷಕರ ಕಥೆ. ಅವರ ನಿಯಮದಲ್ಲಿ ಮೂರು ವರ್ಷ ದಾಟಿ ಪ್ರೊಬೇಷನ್ ಇರಕೂಡದು ಅಂತ ಗರಿಷ್ಠ ಮಿತಿ ಇತ್ತು, ಆದ್ದರಿಂದ ದಾಟಿದವನು ಕಾಯಂ ಅಂದರು. ನಮ್ಮ 1977ರ ನಿಯಮ 5(2) ಆ ಬಾಗಿಲನ್ನು ಮೊದಲೇ ಮುಚ್ಚಿದೆ. ತೃಪ್ತಿಕರವಾಗಿ ಮುಗಿಸಿದ್ದಾರೆ ಅಂತ ನಿರ್ದಿಷ್ಟ ಆದೇಶ ಆಗದ ಹೊರತು ಮುಗಿಸಿದಂತಲ್ಲ, ಆದೇಶ ತಡವಾದರೂ ಮುಗಿಸಿದಂತೆ ಭಾವಿಸಕೂಡದು. ಇಲಾಖಾ ಪರೀಕ್ಷೆ ಪಾಸಾಗಿದೆಯೇ, ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಆಗಿದೆಯೇ, ಜಾತಿ ಸಿಂಧುತ್ವ ಪ್ರಮಾಣಪತ್ರ ಬಂದಿದೆಯೇ ನೋಡಿಕೊಳ್ಳಿ. ಎಲ್ಲಾ ಇದ್ದರೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರೀಕ್ಷೆ ಬರೆದು ಫಲಿತಾಂಶ ಬಾರದೆ ಅವಧಿ ಮುಗಿದರೆ, ಫಲಿತಾಂಶದವರೆಗೆ ಅವಧಿ ವಿಸ್ತರಣೆ ಆದಂತೆಯೇ ಲೆಕ್ಕ, ಅದು ನಿಯಮ 4ರಲ್ಲಿದೆ. ಡಿಕ್ಲೇರ್ ಆಗುವ ತನಕ ಮುಂದಿನ ವಾರ್ಷಿಕ ವೇತನ ಬಡ್ತಿಯೂ ನಿಂತಿರುತ್ತದೆ, ಅದು ನಿಮಗೆ ಗೊತ್ತೇ ಇರಬೇಕು.

ಕಡಲ ಬದಿಯವ · ಸೋಮವಾರ, ಸಂಜೆ 7:10

ಗೊತ್ತುಂಟು ಗೊತ್ತುಂಟು. ಸಂಬಳದ ಚೀಟಿ ನೋಡುವಾಗಲೆಲ್ಲ ನೆನಪಾಗ್ತದೆ.

ತುಂಗಾತೀರದವಳು · ಸೋಮವಾರ, ರಾತ್ರಿ 10:48

ವಕೀಲ್ ಸರ್, ತಾರೀಖು ಕೇಳಿದ್ರಿ. ಹೇಳೋಕೆ ಸಂಕೋಚ ಆಯ್ತು. ಹತ್ತು ತಿಂಗಳು ಹನ್ನೊಂದು ದಿನ ಆಗಿದೆ.

ತಡ ಆಗಿದ್ದು ನಮ್ಮ ತಪ್ಪೇ. ಮೊದಲೆರಡು ತಿಂಗಳು ಅವನು ಮನೆಯಲ್ಲೇ ಹೇಳಿರಲಿಲ್ಲ, ದಿನಾ ಬ್ಯಾಗ್ ಹಾಕ್ಕೊಂಡು ಹೊರಗೆ ಹೋಗ್ತಿದ್ದ. ಆಮೇಲೆ ಗೊತ್ತಿದ್ದವರೊಬ್ಬರು ‘ಮೇಲಿನವರಿಗೆ ಮನವಿ ಕೊಡಿ, ವಾಪಸ್ ತಗೋತಾರೆ’ ಅಂದ್ರು. ಮೂರು ಸಲ ಕೊಟ್ವಿ. ಉತ್ತರ ಬರುತ್ತೆ ಅಂತ ಕಾಯ್ತಾ ಕೂತ್ವಿ.

ಇನ್ನೊಂದು ವಿಷಯ. ಅವನು ಬರೆದುಕೊಟ್ಟ ಹೇಳಿಕೆಯಲ್ಲಿ ‘ನನ್ನ ನಿರ್ಲಕ್ಷ್ಯದಿಂದ ಆಗಿರಬಹುದು, ಕ್ಷಮಿಸಬೇಕು’ ಅಂತ ಬರೆದಿದಾನೆ. ಹಾಗೆ ಬರೆದರೆ ಇಲ್ಲಿಗೇ ಮುಗಿಯುತ್ತೆ ಅಂತ ಅವರೇ ಹೇಳಿ ಬರೆಸಿದ್ದಂತೆ.

ಕೆಎಟಿ ಹತ್ತಿ ಇಳಿದವ · ಸೋಮವಾರ, ರಾತ್ರಿ 11:05

ಅಕ್ಕಾ, ಆ ಬ್ಯಾಗ್ ಹಾಕ್ಕೊಂಡು ಹೋಗೋದು ನಾನೂ ಮಾಡಿದೀನಿ. ಬಸ್ ಸ್ಟ್ಯಾಂಡ್‌ನಲ್ಲಿ ಕೂತು, ಊಟದ ಡಬ್ಬಿ ಅಲ್ಲೇ ಖಾಲಿ ಮಾಡಿ, ಆರು ಗಂಟೆಗೆ ಮನೆಗೆ. ಅವನ ಮೇಲೆ ಸಿಟ್ಟು ಮಾಡ್ಕೋಬೇಡಿ.

ನಾನು ಹೋಗಿದ್ದು ಅನಧಿಕೃತ ಗೈರುಹಾಜರಿ ಅಂತ. ಟೈಫಾಯ್ಡ್ ಆಗಿ ಹತ್ತೊಂಬತ್ತು ದಿನ ಮಲಗಿದ್ದೆ, ವೈದ್ಯಕೀಯ ಪ್ರಮಾಣಪತ್ರ ಕೊಟ್ಟಿದ್ದು ಕಡತದಲ್ಲೇ ಇತ್ತು. ಬಿಡುಗಡೆ ಆದೇಶದಲ್ಲಿ ‘ಕರ್ತವ್ಯಲೋಪ ಎಸಗಿರುವುದು ಸಾಬೀತಾಗಿರುವುದರಿಂದ’ ಅಂತ ಬರೆದಿದ್ರು. ಸಾಬೀತು ಯಾವಾಗ, ಯಾರ ಮುಂದೆ? ನನ್ನ ಕೇಸು ಗೆದ್ದಿದ್ದು ಆ ಒಂದು ಪದದಿಂದ ಅಂತ ನನ್ನ ವಕೀಲರು ಇವತ್ತಿಗೂ ನಗ್ತಾರೆ. ವಾಪಸ್ ಹೋಗೋಕೆ ಎರಡೂವರೆ ವರ್ಷ ಹಿಡೀತು. ಮತ್ತೆ ಪ್ರೊಬೇಷನ್ ಮೊದಲಿಂದ ಲೆಕ್ಕ ಹಾಕ್ತೀವಿ ಅಂದ್ರು, ಅದಕ್ಕೂ ಜಗಳ ಆಡಿದ್ದಾಯ್ತು.

ಜವಾರಿ ವಕೀಲ · ಮಂಗಳವಾರ, ಬೆಳಿಗ್ಗೆ 6:20

ಅಕ್ಕಾರ, ಇದನ್ನ ಓದಿ ರಾತ್ರಿನ ಬರೀಬೇಕಿತ್ತು. ಈಗ ಬಾಕಿ ಎಲ್ಲಾ ಬಿಡ್ರಿ, ತಾರೀಖು ಅಷ್ಟ ನೋಡ್ರಿ.

ನಿಮ್ಮ ತಮ್ಮ ರಾಜ್ಯ ಸರ್ಕಾರಿ ನೌಕರ, ಹಂಗಾಗಿ ಹೋಗಬೇಕಾದ್ದು ಕೆಎಟಿಗೆ, ಅಂದ್ರ ಕರ್ನಾಟಕ ಆಡಳಿತ ನ್ಯಾಯಮಂಡಳಿಗೆ. ಬೆಂಗಳೂರಿನ್ಯಾಗ ಐತಿ, ಬೆಳಗಾವಿ, ಕಲಬುರಗಿ ಪೀಠನೂ ಅದಾವ. ನೇರ ಹೈಕೋರ್ಟಿಗೆ ಹೋದ್ರ ‘ಮೊದಲು ಅಲ್ಲಿ ಹೋಗ್ರಿ’ ಅಂತಾರ. 1997ರ ಚಂದ್ರಕುಮಾರ್ ತೀರ್ಪಿನ ಮ್ಯಾಲ ಕೆಎಟಿ ಆದೇಶದ ವಿರುದ್ಧ ಹೈಕೋರ್ಟ್ ವಿಭಾಗೀಯ ಪೀಠಕ್ಕ ಹೋಗಬಹುದು, ಮೊದಲ ಮೆಟ್ಟಲು ಮಾತ್ರ ಕೆಎಟಿನ. ಆಡಳಿತ ನ್ಯಾಯಮಂಡಳಿ ಕಾಯ್ದೆ 1985ರ 21ನೇ ಕಲಂ ಪ್ರಕಾರ ಅಂತಿಮ ಆದೇಶದಿಂದ ಒಂದು ವರ್ಷದಾಗ ಅರ್ಜಿ ಹಾಕಬೇಕು. ನಿಮಗ ಇನ್ನ ಏಳು ವಾರ ಅದಾವ.

ಮನವಿ ಕೊಟ್ಟೇವಿ ಅಂತ ಧೈರ್ಯ ತಗೋಬ್ಯಾಡ್ರಿ. ನಿಯಮದಾಗ ಇರೋ ಮೇಲ್ಮನವಿ ಕೊಟ್ಟಿದ್ರ ಅದು ಬ್ಯಾರೆ, ಅದಕ್ಕ ಆರು ತಿಂಗಳು ಕಾಯಾಕ ಕಾಯ್ದೆನ ಅವಕಾಶ ಕೊಡತೈತಿ. ಕೈಮುಗದು ಬರದ ಮನವಿ ಮ್ಯಾಲ ಮನವಿ ಕೊಟ್ರ ಕಾಲಮಿತಿ ಉದ್ದ ಆಗೂದಿಲ್ಲ ಅಂತ ಎಸ್.ಎಸ್. ರಾಥೋರ್ ಕೇಸಿನ್ಯಾಗ ಏಳು ಜನ ಜಡ್ಜ್ ಹೇಳ್ಯಾರ. ನಾ ಕಂಡ ಅರ್ಧ ಕೇಸ್ ಸತ್ತದ್ದು ಕಾನೂನಿನ ಸಲುವಾಗಿ ಅಲ್ಲ, ‘ಸಾಹೇಬರು ನೋಡ್ತೇನಿ ಅಂದಾರ’ ಅನ್ನೋ ಒಂದು ಮಾತಿಗೆ. ವಿಳಂಬ ಮನ್ನಾ ಅರ್ಜಿ ಅಂತ ಒಂದು ಐತಿ, ಅದು ಕೊಡಲಿಕ್ಕೂಬಹುದು, ಬಿಡಲಿಕ್ಕೂಬಹುದು.

ಆರ್‌ಟಿಐ ಇವತ್ತ ಹಾಕ್ರಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ತನಿಖಾ ವರದಿ, ನೋಟ್ ಶೀಟ್, ಕಚೇರಿ ಮುಖ್ಯಸ್ಥರ ಪತ್ರ, ಪ್ರೊಬೇಷನ್ ಅವಧಿಯ ಎಲ್ಲಾ ಕಾರ್ಯನಿರ್ವಹಣಾ ವರದಿ, ಹೇಳಿಕೆ ಪ್ರತಿ. ಮೂವತ್ತು ದಿನ ಟೈಮ್ ಐತಿ ಅವರಿಗೆ. ಆದರ ಅದು ಬರೋತನಕ ಕಾಯಬ್ಯಾಡ್ರಿ. ಇದ್ದ ಕಾಗದದ ಮ್ಯಾಲ ಅರ್ಜಿ ಹಾಕಿ, ಕಡತ ತರಸ್ರಿ ಅಂತ ಕೆಎಟಿಯನ್ನ ಕೇಳಬಹುದು.

ಹೇಳಿಕೆ ಬಗ್ಗೆ. ಅದು ಚಲೋ ಆಗಲಿಲ್ಲ, ಸುಳ್ಳ ಯಾಕ ಹೇಳಲಿ. ಆದರ ತಿರುಗಿಸಿ ನೋಡ್ರಿ. ‘ಅವನ ಒಪ್ಪಿಗೊಂಡಾನ’ ಅಂತ ಇಲಾಖೆ ವಾದ ಮಾಡಿದ್ರ, ‘ಹಂಗಾದ್ರ ನೀವು ತಗದದ್ದು ಆ ಆರೋಪದ ಮ್ಯಾಲ ಅಂತ ಒಪ್ಪಿದಂಗಾತು’ ಅಂತ ನಾವು ಅಂತೀವಿ. ಅವರು ಒಂದ ಬಾಯಾಗ ಎರಡೂ ಹೇಳಾಕ ಬರೂದಿಲ್ಲ.

ಹಳೇ ಶಿರಸ್ತೇದಾರ · ಮಂಗಳವಾರ, ಬೆಳಿಗ್ಗೆ 9:15

ನಾನೂ ಒಂದು ಸೇರಿಸುತ್ತೇನೆ, ವಕೀಲರು ತಿದ್ದಲಿ. ನಿಯಮ 6(1)ರಲ್ಲಿ ಒಂದು ಬಾಲ ಇದೆ, ಯಾರೂ ನೋಡುವುದಿಲ್ಲ. ಬಿಡುಗಡೆ ಆದೇಶವನ್ನು ಸರ್ಕಾರವೇ ಮಾಡಿದ್ದರೆ ಸರಿ. ಕೆಳಗಿನ ನೇಮಕಾತಿ ಪ್ರಾಧಿಕಾರ ಮಾಡಿದ್ದರೆ, ಮುಂದಿನ ಮೇಲಧಿಕಾರಿಗೆ ಸಲ್ಲಿಸಿ ಅವರು ಸ್ಥಿರೀಕರಿಸುವ ತನಕ ಅದನ್ನು ಜಾರಿಗೆ ತರುವಂತಿಲ್ಲ. ನಿಮ್ಮ ಆದೇಶದಲ್ಲಿ ‘ತಕ್ಷಣದಿಂದ ಜಾರಿಗೆ ಬರುವಂತೆ’ ಇದೆ, ಉಲ್ಲೇಖದಲ್ಲಿ ಮೇಲಧಿಕಾರಿಯ ಅನುಮೋದನೆಯ ಸಂಖ್ಯೆ ಇಲ್ಲ. ಆರ್‌ಟಿಐಯಲ್ಲಿ ಇದನ್ನೂ ಒಂದು ಸಾಲು ಕೇಳಿ: ‘ನಿಯಮ 6(1)ರನ್ವಯ ಪಡೆದ ಸ್ಥಿರೀಕರಣದ ಪ್ರತಿ.’

6(2)ನ್ನೂ ನೋಡಿ. ಸಿಸಿಎ ನಿಯಮದ ವಿಚಾರಣೆ ಬೇಡ ಅಂತ ಅದರಲ್ಲಿದೆ, ನಿಜ, ಆದರೆ ಆದೇಶದಲ್ಲಿ ಕಾರಣ ಸೂಚಿಸಬೇಕು ಅಂತಲೂ ಅದರಲ್ಲೇ ಇದೆ. ನಮ್ಮ ಇಲಾಖೆಗಳ ಸಂಕಟವೇ ಅದು. ಕಾರಣ ಬರೆದರೆ ಕಳಂಕ ಅಂತಾರೆ, ಬರೆಯದಿದ್ದರೆ ನಿಯಮಬಾಹಿರ ಅಂತಾರೆ. ಅದಕ್ಕೇ ‘ತೃಪ್ತಿಕರವಾಗಿಲ್ಲ’ ಅನ್ನುವ ರಬ್ಬರ್ ಪದ ಹುಟ್ಟಿದ್ದು. ನಾನೇ ಎಷ್ಟು ಸಲ ಕರಡು ಹಾಕಿದ್ದೇನೋ.

ಸಹಿ ಹಾಕುವವನು · ಮಂಗಳವಾರ, ಬೆಳಿಗ್ಗೆ 10:02

ಸ್ಥಿರೀಕರಣದ ಅಂಶ ಗಟ್ಟಿ. ಆದರೆ ಮೇಡಂಗೆ ಪೂರ್ತಿ ಚಿತ್ರ ಇರಲಿ: ಆ ಒಂದು ಲೋಪದ ಮೇಲೆ ಗೆದ್ದರೆ, ಇಲಾಖೆ ಅದನ್ನು ಸರಿಪಡಿಸಿ ಇನ್ನೊಂದು ಆದೇಶ ಮಾಡಬಹುದು. ಶಿಕ್ಷೆಯ ರೂಪದ್ದು ಅಂತ ಗೆದ್ದರೂ ‘ಬೇಕಿದ್ದರೆ ನಿಯಮಾನುಸಾರ ವಿಚಾರಣೆ ಮಾಡಿ’ ಅಂತ ಬಿಡುವುದುಂಟು. ವಾಪಸ್ ಬಂದ ಮೇಲೆ ಆರೋಪಪಟ್ಟಿ ಕೈಗೆ ಸಿಗಬಹುದು. ಆಗ ಕನಿಷ್ಠ ಸಾಕ್ಷಿಗಳನ್ನು ಪಾಟೀಸವಾಲು ಮಾಡುವ ಅವಕಾಶ ಇರುತ್ತದೆ.

ತುಂಗಾತೀರದವಳು · ಮಂಗಳವಾರ, ಬೆಳಿಗ್ಗೆ 11:30

ಅದಕ್ಕೇ ಸರ್ ಅವನು ಕಾಯ್ತಿರೋದು. ಆ ಎರಡು ವಾರದಲ್ಲಿ ಕ್ಯಾಷ್ ರೂಮಿನ ಬೀಗದ ಕೈ ಯಾರ್ಯಾರ ಹತ್ತಿರ ಇತ್ತು ಅಂತ ಯಾರೂ ಒಂದು ಸಲ ಕೇಳಿಲ್ಲ ಅಂತಾನೆ.

ಮೀಟರ್ ಬೋರ್ಡ್ · ಮಂಗಳವಾರ, ಮಧ್ಯಾಹ್ನ 3:20

ನಾನು ವಿದ್ಯುತ್ ಕಂಪನಿಯೊಂದರಲ್ಲಿ ಜೂನಿಯರ್ ಲೈನ್‌ಮನ್, ಪ್ರೊಬೇಷನ್ ನಡೀತಿದೆ. ನಮಗೂ ಇದೆಲ್ಲಾ ಅನ್ವಯನಾ? ನಮ್ಮ ಸೂಪರ್‌ವೈಸರ್ ಮಾತೆತ್ತಿದ್ರೆ ‘ಆರ್ಡರ್ ಕೈಗೆ ಕೊಡ್ತೀನಿ’ ಅಂತಾರೆ.

ಜವಾರಿ ವಕೀಲ · ಮಂಗಳವಾರ, ಸಂಜೆ 5:45

311ನೇ ವಿಧಿ ನಿಗಮ, ಮಂಡಳಿ, ಕಂಪನಿಯವರಿಗೆ ಇಲ್ಲ, ಅದು ಸರ್ಕಾರದ ಸಿವಿಲ್ ಹುದ್ದೆ ಇದ್ದವರಿಗೆ. ಆದರ ಸಮಾನತೆ ಹೇಳೋ 14ನೇ ವಿಧಿ ನಿಮಗೂ ಐತಿ, ಸಹಜ ನ್ಯಾಯನೂ ಐತಿ. ನಾ ಮ್ಯಾಲ ಹೇಳಿದ ರಾಧೇ ಶ್ಯಾಮ್ ಗುಪ್ತಾ ಉತ್ತರ ಪ್ರದೇಶದ ನಿಗಮದಾಂವ, ಸರ್ಕಾರಿ ನೌಕರ ಅಲ್ಲ. ನೀವು ಕೆಎಟಿ ಬದ್ಲಿ ಹೈಕೋರ್ಟಿಗೆ ರಿಟ್ ಹಾಕಬೇಕು, ಧಾರವಾಡ, ಕಲಬುರಗಿ ಪೀಠಕ್ಕ ನಿಮ್ಮ ಜಿಲ್ಲಾ ಬರತೈತೋ ಏನು ನೋಡ್ಕೋರಿ. ಕೇಂದ್ರ ಸರ್ಕಾರದವರಾದ್ರ ಸಿಎಟಿ, ಅಂದ್ರ ಕೇಂದ್ರ ಆಡಳಿತ ನ್ಯಾಯಮಂಡಳಿ.

ಖಾಕಿ ಕನಸು · ಮಂಗಳವಾರ, ರಾತ್ರಿ 8:10

ನನ್ನ ಗೆಳೆಯನ ವಿಷಯ. ಪೊಲೀಸ್ ತರಬೇತಿಯಲ್ಲಿದ್ದಾಗ ತೆಗೆದರು. ಕಾಲೇಜಿನಲ್ಲಿದ್ದಾಗ ಗಣೇಶನ ಮೆರವಣಿಗೆ ಜಗಳದಲ್ಲಿ ಹೆಸರಿತ್ತು, ಖುಲಾಸೆ ಆಗಿತ್ತು, ಅದಕ್ಕೆ ದೃಢೀಕರಣ ನಮೂನೆಯಲ್ಲಿ ‘ಇಲ್ಲ’ ಅಂತ ಬರೆದ. ಇದೂ ಕಳಂಕನಾ?

ಜವಾರಿ ವಕೀಲ · ಮಂಗಳವಾರ, ರಾತ್ರಿ 8:55

ಅದು ಬ್ಯಾರೆ ದಾರಿ. 2016ರ ಅವತಾರ್ ಸಿಂಗ್ ತೀರ್ಪು ಓದಸ್ರಿ. ಮುಚ್ಚಿಟ್ರ ತಗೀಬಹುದು, ಆದರ ಕಣ್ಣು ಮುಚ್ಚಿ ತಗೀಬಾರದು. ಅಪರಾಧ ಎಂಥಾದ್ದು, ವಯಸ್ಸು ಎಷ್ಟಿತ್ತು, ಹುದ್ದೆ ಯಾವುದು, ನಮೂನೆಯ ಪ್ರಶ್ನೆ ಸ್ಪಷ್ಟ ಇತ್ತೋ ಇಲ್ಲೋ, ಇವೆಲ್ಲಾ ತೂಗಬೇಕು. ‘ಖುಲಾಸೆ ಆಗೇತಿ, ಯಾಕ ಬರೀಲಿ’ ಅನ್ನೂದು ಎಲ್ಲಾರೂ ಮಾಡೋ ತಪ್ಪು. ಕೇಳಿದ್ರ ಬರೀಬೇಕು. ಇದಕ್ಕ ಬ್ಯಾರೆ ಚರ್ಚಾ ಶುರು ಮಾಡ್ರಿ, ಇಲ್ಲಿ ಅಕ್ಕಾರ ಕೇಸ್ ಮುಳುಗತೈತಿ.

ನ್ಯೂಜೆರ್ಸಿ ರಾಗಿಮುದ್ದೆ · ಬುಧವಾರ, ಬೆಳಿಗ್ಗೆ 5:30

ದೂರದಿಂದ ಓದ್ತಾ ಇದ್ದೆ. ಇಲ್ಲಿ 2025ರ ಫೆಬ್ರವರಿಯಲ್ಲಿ ಸಾವಿರಾರು ಫೆಡರಲ್ ಪ್ರೊಬೇಷನರುಗಳನ್ನ ಒಂದೇ ಅಚ್ಚಿನ ಪತ್ರದಲ್ಲಿ ತೆಗೆದರು, ಕಾರಣ ನಿಮ್ಮಲ್ಲಿದ್ದದ್ದೇ: ಕೆಲಸ ಸಾಲದು. ಪಕ್ಕದ ಮನೆಯವರಿಗೆ ಬಂದಿದ್ದು ನಾನೇ ನೋಡಿದೆ, ಅದಕ್ಕೆ ಸ್ವಲ್ಪ ದಿನ ಮುಂಚೆ ಅವರಿಗೆ ಒಳ್ಳೇ ರೇಟಿಂಗ್ ಬಂದಿತ್ತು. ಮಾರ್ಚ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ನ್ಯಾಯಾಧೀಶರೊಬ್ಬರು ವಾಪಸ್ ತಗೊಳ್ಳಿ ಅಂದ್ರು, ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ತು. ಆಗ ಇಲ್ಲಿ ಪ್ರೊಬೇಷನರ್ ಮೇಲ್ಮನವಿ ಹೋಗಬೇಕಂದ್ರೆ ಪಕ್ಷ ರಾಜಕೀಯದ ಕಾರಣ, ವೈವಾಹಿಕ ಸ್ಥಿತಿ, ಅಂಥ ಎರಡು ಮೂರು ಕಿಂಡಿ ಮಾತ್ರ ಇದ್ವು. ನಿಮ್ಮ 311 ನೋಡಿ ಹೊಟ್ಟೆಕಿಚ್ಚಾಯ್ತು.

ಕಡಲ ಬದಿಯವ · ಬುಧವಾರ, ಬೆಳಿಗ್ಗೆ 7:00

ಹೊಟ್ಟೆಕಿಚ್ಚು ಬೇಡ ಮಾರಾಯ್ರೆ, 311 ಪುಸ್ತಕದಲ್ಲುಂಟು. ಟಪ್ಪಾಲಿನವ ಸಂಜೆ ಐದೂಕಾಲಿಗೇ ಬರೋದು.

ಕೆಎಟಿ ಹತ್ತಿ ಇಳಿದವ · ಬುಧವಾರ, ರಾತ್ರಿ 9:25

ಅಕ್ಕಾ, ನನ್ನ ಅನುಭವದಿಂದ ಒಂದು ವಿಷಯ. ತಮ್ಮ ಈಗ ಏನು ಮಾಡ್ತಿದಾನೆ? ಬೇರೆ ಕೆಲಸ ಇದ್ದರೆ ಮುಚ್ಚಿಡಬೇಡಿ. ಬಾಕಿ ವೇತನ ಕೇಳುವಾಗ ‘ಈ ಅವಧಿಯಲ್ಲಿ ಬೇರೆ ಗಳಿಕೆ ಇರಲಿಲ್ಲ’ ಅಂತ ಪ್ರಮಾಣಪತ್ರ ಹಾಕಿಸ್ತಾರೆ. ನಾನು ಮಾವನ ಅಂಗಡೀಲಿ ಕೂತಿದ್ದೆ, ಸಂಬಳ ಅಂತ ಇರಲಿಲ್ಲ, ಹಾಗೇ ಬರೆದೆ. ಕೊನೆಗೆ ಅರ್ಧ ಬಾಕಿ ಕೊಟ್ಟರು.

ತುಂಗಾತೀರದವಳು · ಬುಧವಾರ, ರಾತ್ರಿ 9:50

ಮೆಡಿಕಲ್ ಶಾಪಲ್ಲಿ ಒಂಬತ್ತು ಸಾವಿರಕ್ಕೆ ಹೋಗ್ತಿದಾನೆ, ನಾಲ್ಕು ತಿಂಗಳಿಂದ. ಬಿಡಿಸಬೇಕಾ?

ಜವಾರಿ ವಕೀಲ · ಬುಧವಾರ, ರಾತ್ರಿ 10:15

ಬಿಡಸಬ್ಯಾಡ್ರಿ. ಹೊಟ್ಟಿಪಾಡಿಗೆ ಮಾಡೋ ಕೆಲಸ ಕೇಸಿಗೆ ಅಡ್ಡ ಬರೂದಿಲ್ಲ. 2013ರ ದೀಪಾಲಿ ಗುಂಡು ಸುರವಸೆ ತೀರ್ಪಿನ್ಯಾಗ, ತಪ್ಪಾಗಿ ತಗದಿದ್ರ ಬಾಕಿ ವೇತನದ ಸಮೇತ ವಾಪಸ್ ತಗೊಳ್ಳೂದು ಸಾಮಾನ್ಯ ನಿಯಮ ಅಂದಾರ, ಆದರ ಬ್ಯಾರೆ ಗಳಿಕೆ ಇತ್ತೋ ಇಲ್ಲೋ ಅಂತ ನೌಕರ ಮೊದಲು ಹೇಳಬೇಕು. ಇದ್ದದ್ದನ್ನ ಇದ್ದಂಗ ಬರದ್ರಾತು. ಕಳ್ಳ ಅನ್ನೋ ಹೆಸರು ತೊಳಿಯಾಕ ಹೋದಾಂವ ಪ್ರಮಾಣ ಮಾಡಿ ಸುಳ್ಳು ಬರೀಬಾರದು.

ತುಂಗಾತೀರದವಳು · ನಾಲ್ಕು ವಾರದ ನಂತರ, ಶನಿವಾರ, ಸಂಜೆ 6:05

ಇಲ್ಲೇ ತಿಳಿಸಬೇಕು ಅನ್ನಿಸ್ತು.

ಆರ್‌ಟಿಐಗೆ ಇಪ್ಪತ್ತಾರನೇ ದಿನಕ್ಕೆ ಉತ್ತರ ಬಂತು. ತನಿಖಾ ವರದಿಯ ಕೊನೇ ಪ್ಯಾರಾ: ‘ಸದರಿ ನೌಕರರು ರಸೀದಿ ಪುಸ್ತಕವನ್ನು ದುರುದ್ದೇಶದಿಂದ ಮರೆಮಾಚಿರುವುದು ಕಂಡುಬಂದಿದ್ದು, ಪ್ರೊಬೇಷನ್ ಅವಧಿಯಲ್ಲಿರುವುದರಿಂದ ಇಲಾಖಾ ವಿಚಾರಣೆಯ ಅಗತ್ಯವಿರುವುದಿಲ್ಲ.’ ನೋಟ್ ಶೀಟಿನಲ್ಲಿ ಅದರ ಕೆಳಗೆ ಹಸಿರು ಶಾಯಿಯಲ್ಲಿ ‘ಅದರಂತೆ ಬಿಡುಗಡೆ ಆದೇಶ ಮಂಡಿಸಿ’ ಅಂತಿದೆ. ಸ್ಥಿರೀಕರಣದ ಪ್ರತಿ ಕೇಳಿದ್ದಕ್ಕೆ ‘ಕಚೇರಿಯಲ್ಲಿ ಲಭ್ಯವಿರುವುದಿಲ್ಲ’ ಅಂತ ಬರೆದುಕೊಟ್ಟಿದಾರೆ.

ನಮ್ಮೂರಿನ ಕಡೆಯವರೇ ಒಬ್ಬ ವಕೀಲರು ಬೆಂಗಳೂರಲ್ಲಿ ಸಿಕ್ಕಿದರು. ಬುಧವಾರ ಅರ್ಜಿ ಹಾಕಬೇಕು, ವರ್ಷ ತುಂಬೋಕೆ ಇನ್ನೂ ಹದಿನೈದು ದಿನ ಇದೆ. ತಮ್ಮ ಆ ವರದಿ ಓದಿದವನು ರಾತ್ರಿ ಊಟ ಮಾಡಲಿಲ್ಲ. ‘ದುರುದ್ದೇಶ’ ಅನ್ನೋ ಪದ ಮತ್ತೆ ಮತ್ತೆ ಕೇಳ್ತಿದ್ದ.

ಒಂದೇ ಪ್ರಶ್ನೆ ಉಳಿದಿದೆ. ಪ್ರಶಂಸಾ ಪತ್ರದ ಮೂಲ ಪ್ರತಿ ಕೋರ್ಟಿಗೆ ಕೊಟ್ಟುಬಿಡಬೇಕಾ? ಅಮ್ಮ ಕೇಳ್ತಿದಾರೆ.

ಜವಾರಿ ವಕೀಲ · ಶನಿವಾರ, ಸಂಜೆ 6:31

ದೃಢೀಕರಿಸಿದ ಜೆರಾಕ್ಸ್ ಸಾಕು. ಮೂಲ ಮನಿಯಾಗ ಇರಲಿ, ಕೇಳಿದ ದಿನ ಮಾತ್ರ ಒಯ್ದು ತೋರಸೂದು. ಫ್ರೇಮ್ ಹಾಕಿ ಮತ್ತ ಗ್ವಾಡಿಗೆ ತೂಗ ಹಾಕ್ರಿ ಅಂತ ಅವ್ವಾರಿಗೆ ಹೇಳ್ರಿ.

ಆ ಹಸಿರು ಶಾಯಿ ಹಾಳಿದು ಮಾತ್ರ ನಾಲ್ಕು ಪ್ರತಿ ತಗಸ್ರಿ.